ಆರ್ಕಿಟೆಕ್ಟ್‌ಗಳ ಸಂಘಕ್ಕೆ ಚಂದಾ ಕಟ್ಟಿದ ಮೇಲೆ ಏನೇನು ಕೇಳಿ ಪಡೆಯಬೇಕು

ನೋಂದಣಿ ಆಗಿದೆ, ಕೆಲಸ ಮಾಡಲು ಅಷ್ಟು ಸಾಕು, ಮತ್ತೆ ಸಂಘಕ್ಕೆ ಯಾಕೆ ದುಡ್ಡು ಕಟ್ಟಬೇಕು? ಹೊಸದಾಗಿ ಕಚೇರಿ ತೆರೆದ ಆರ್ಕಿಟೆಕ್ಟ್‌ಗಳು ಮೊದಲು ಕೇಳುವುದೇ ಇದನ್ನು. ನ್ಯಾಯವಾದ ಪ್ರಶ್ನೆ. ಸಂಘದವರು ಕೊಡುವ ಉತ್ತರ ಮಾತ್ರ ಬಹಳ ಸಲ ಪೇಲವ: ನಾಲ್ಕು ಜನರ ಪರಿಚಯವಾಗುತ್ತದೆ, ವೃತ್ತಿಯ ಘನತೆ ಹೆಚ್ಚುತ್ತದೆ, ಹೆಸರಿನ ಪಕ್ಕ ಮೂರು ಅಕ್ಷರ ಬರುತ್ತದೆ. ಇಷ್ಟಕ್ಕೇ ಆದರೆ ಯಾರೂ ವರ್ಷ ವರ್ಷ ಚಂದಾ ಕಟ್ಟಬೇಕಾಗಿಲ್ಲ.

ಸಂಘದ ನಿಜವಾದ ಸರಕು ನೀರಸವಾದ ಕಾಗದಪತ್ರ. ಮಾದರಿ ಕರಾರು, ಕೆಲಸದ ಹಂತಗಳ ವಿಂಗಡಣೆ, ಸ್ಪರ್ಧೆಗಳ ನಿಯಮ, ದೂರು ವಿಚಾರಿಸುವ ಕ್ರಮ, ಕಟ್ಟಡ ನಿಯಮಾವಳಿಯ ಕರಡಿಗೆ ಕಳಿಸುವ ಟಿಪ್ಪಣಿ. ಇವನ್ನು ಸದಸ್ಯರಲ್ಲಿ ಅರ್ಧ ಜನ ತೆರೆದೂ ನೋಡಿರುವುದಿಲ್ಲ ಎಂಬ ಗುಮಾನಿ ನಮ್ಮದು. ತೆರೆದು ನೋಡಿದವರೂ ಬಿಟ್ಟ ಜಾಗ ತುಂಬದೆ ಸಹಿ ಹಾಕುತ್ತಾರೆ.

ಮೊದಲು ಒಂದು ಗೊಂದಲ ಬಗೆಹರಿಸಿಕೊಳ್ಳಬೇಕು. ನೋಂದಣಿ ಮಾಡುವ ಸಂಸ್ಥೆ ಬೇರೆ, ಸಂಘ ಬೇರೆ. ನೋಂದಣಿ ಸಂಸ್ಥೆ ಕಾಯ್ದೆಯಿಂದ ಹುಟ್ಟಿದ್ದು, ಅದರ ಕೆಲಸ ಜನರ ಹಿತ ಕಾಯುವುದು. ಭಾರತದಲ್ಲಿ 1972ರ ಆರ್ಕಿಟೆಕ್ಟ್ಸ್ ಕಾಯ್ದೆಯ ಪ್ರಕಾರ ಬಂದ ಕೌನ್ಸಿಲ್ ಆಫ್ ಆರ್ಕಿಟೆಕ್ಚರ್, ಬ್ರಿಟನ್ನಿನಲ್ಲಿ ಆರ್ಕಿಟೆಕ್ಟ್ಸ್ ರಿಜಿಸ್ಟ್ರೇಷನ್ ಬೋರ್ಡ್, ಅಮೆರಿಕದಲ್ಲಿ ರಾಜ್ಯಕ್ಕೊಂದು ಮಂಡಳಿ, ಎಲ್ಲವೂ ಈ ಜಾತಿಯವು. ಸಂಘವಾದರೋ ಸದಸ್ಯರು ತಾವೇ ಕಟ್ಟಿಕೊಂಡದ್ದು. ಸೇರುವುದೂ ಬಿಡುವುದೂ ನಿಮ್ಮ ಇಷ್ಟ.

ಈ ಮೂರೂ ಕಡೆ ಸಂಘ ಮೊದಲು, ಕಾಯ್ದೆ ಆಮೇಲೆ. ಲಂಡನ್ನಿನಲ್ಲಿ ಬ್ರಿಟಿಷ್ ಆರ್ಕಿಟೆಕ್ಟ್‌ಗಳ ಸಂಸ್ಥೆ, ಅಂದರೆ ಇವತ್ತಿನ ರೀಬಾ, 1834ರಲ್ಲಿ ಶುರುವಾಯಿತು. ಅಲ್ಲಿ ನೋಂದಣಿ ಕಾಯ್ದೆ ಬಂದದ್ದು 1931ರಲ್ಲಿ. ಅಮೆರಿಕದ ಆರ್ಕಿಟೆಕ್ಟ್‌ಗಳ ಸಂಘ ಎಐಎ ಹುಟ್ಟಿದ್ದು 1857ರಲ್ಲಿ. ಅಲ್ಲಿನ ಮೊದಲ ಪರವಾನಗಿ ಕಾನೂನು ಇಲಿನಾಯ್ ರಾಜ್ಯದ್ದು, 1897. ಮುಂಬಯಿಯಲ್ಲಿ 1917ರಲ್ಲಿ ಹುಟ್ಟಿದ ಕೂಟ 1929ರಲ್ಲಿ ಇಂಡಿಯನ್ ಇನ್‌ಸ್ಟಿಟ್ಯೂಟ್ ಆಫ್ ಆರ್ಕಿಟೆಕ್ಟ್ಸ್ ಎಂಬ ಹೆಸರು ಪಡೆಯಿತು. ಕಾಯ್ದೆಗೆ ಮತ್ತೆ ನಾಲ್ಕು ದಶಕ ಕಾಯಬೇಕಾಯಿತು. ಹಾಗಾಗಿ ವೃತ್ತಿಯ ರೀತಿ ರಿವಾಜು ಬರೆದಿಟ್ಟವರು ಸಂಘದವರೇ. ಕಾಯ್ದೆ ಮುಟ್ಟುವ ಜಾಗವೂ ಅಂದುಕೊಂಡಷ್ಟು ದೊಡ್ಡದಲ್ಲ. 1972ರ ಕಾಯ್ದೆಯ 37ನೇ ಕಲಮು 'ಆರ್ಕಿಟೆಕ್ಟ್' ಎಂಬ ಬಿರುದನ್ನು ಕಾಯುತ್ತದೆಯೇ ಹೊರತು ನೋಂದಣಿ ಇಲ್ಲದವರು ಆ ಕೆಲಸ ಮಾಡುವುದನ್ನು ತಡೆಯುವುದಿಲ್ಲ ಎಂದು ಸುಪ್ರೀಂ ಕೋರ್ಟ್ 2020ರಲ್ಲಿ ಹೇಳಿತು. ಕ್ಲೈಂಟ್ ಮುಂದೆ ನಿಮ್ಮನ್ನು ಬೇರೆ ಮಾಡಿ ತೋರಿಸುವುದು ಕರಾರು ಎಷ್ಟು ಬಿಗಿಯಾಗಿದೆ, ದಾಖಲೆ ಎಷ್ಟು ಚೊಕ್ಕಟವಾಗಿದೆ ಎಂಬುದೇ.

ಕರಾರಿನಲ್ಲಿ ಬಿಟ್ಟ ಜಾಗ

ಸಂಘದ ಮಾದರಿ ಕರಾರು ಎಂದರೆ ದಶಕಗಳ ಜಗಳಗಳ ಸಾರ. ಎಐಎ ಇಂಥ ಮಾದರಿಯನ್ನು ಮೊದಲು ಹೊರತಂದದ್ದು 1888ರಲ್ಲಿ. ಈಗ ಹೆಚ್ಚು ಬಳಕೆಯಲ್ಲಿರುವ ಎ201 ಎಂಬ ಸಾಮಾನ್ಯ ಷರತ್ತುಗಳನ್ನೂ, ಮಾಲೀಕರು ಮತ್ತು ಆರ್ಕಿಟೆಕ್ಟ್ ನಡುವಿನ ಬಿ101 ಕರಾರನ್ನೂ ಸುಮಾರು ಹತ್ತು ವರ್ಷಕ್ಕೊಮ್ಮೆ ತಿದ್ದುತ್ತಾರೆ: 1997, 2007, 2017. ತಿದ್ದುವಾಗ ನ್ಯಾಯಾಲಯದಲ್ಲಿ ಬಿದ್ದುಹೋದ ವಾಕ್ಯ ಹೋಗುತ್ತದೆ, ಹೊಸ ಜಗಳಕ್ಕೆ ಹೊಸ ವಾಕ್ಯ ಬರುತ್ತದೆ. ಒಂದು ಸಣ್ಣ ಕಚೇರಿ ತನ್ನ ವಕೀಲರಿಂದ ಇಷ್ಟನ್ನು ಬರೆಸಿಕೊಳ್ಳಲು ಸಾಧ್ಯವೇ ಇಲ್ಲ.

ಆದರೆ ಆ ಮಾದರಿಯಲ್ಲಿ ಬಿಟ್ಟ ಜಾಗಗಳಿವೆ. ಬಿ101ರ 4.2.3ನೇ ಅಂಶ ತೆಗೆದು ನೋಡಿ. ನಾಲ್ಕು ಸಂಖ್ಯೆ ಕೇಳುತ್ತದೆ: ಕಂಟ್ರಾಕ್ಟರ್ ಕಳಿಸುವ ಪ್ರತಿ ಶಾಪ್ ಡ್ರಾಯಿಂಗನ್ನು (ಬಿಡಿಭಾಗವನ್ನು ಹೇಗೆ ಮಾಡುತ್ತೇವೆ ಎಂದು ಅವರು ಬರೆದ ನಕ್ಷೆಯನ್ನು) ಎಷ್ಟು ಸಲ ಪರಿಶೀಲಿಸುತ್ತೀರಿ, ಸೈಟಿಗೆ ಒಟ್ಟು ಎಷ್ಟು ಸಲ ಬರುತ್ತೀರಿ, ಬಹುಪಾಲು ಮುಗಿದಿದೆಯೇ ಎಂದು ನೋಡುವ ತಪಾಸಣೆ ಎಷ್ಟು, ಪೂರ್ತಿ ಮುಗಿದ ಮೇಲಿನ ತಪಾಸಣೆ ಎಷ್ಟು. ಅದರಾಚೆ 4.2.5ರಲ್ಲಿ ಐದನೆಯದು: ಕರಾರಿನ ದಿನದಿಂದ ಎಷ್ಟು ತಿಂಗಳೊಳಗೆ ನಿಮ್ಮ ಸೇವೆ ಮುಗಿಯಬೇಕು. ಆ ಗಡುವು ನಿಮ್ಮ ತಪ್ಪಿಲ್ಲದೆ ಮೀರಿದರೆ ಮುಂದಿನದ್ದೆಲ್ಲ ಹೆಚ್ಚುವರಿ ಸೇವೆ, ಅದಕ್ಕೆ ಬೇರೆ ಫೀ. ಜಾಗ ಖಾಲಿ ಬಿಟ್ಟರೆ 'ಹೆಚ್ಚುವರಿ' ಎಂಬುದಕ್ಕೆ ಗೆರೆಯೇ ಇಲ್ಲ.

ಸಂಖ್ಯೆ ತುಂಬುವುದು ಊಹೆಯ ಕೆಲಸವಲ್ಲ. ನಿರ್ಮಾಣ 12 ತಿಂಗಳು ಎಂದಿಟ್ಟುಕೊಳ್ಳಿ. ತಿಂಗಳಿಗೆ ಎರಡು ಸಲದಂತೆ 24 ಭೇಟಿ. ಇದರ ಜೊತೆಗೆ ಮುಚ್ಚಿಹೋಗುವ ಕೆಲಸಗಳಿಗೆ ಬೇರೆ ಭೇಟಿ ಬೇಕು: ಪಾಯ ತೋಡಿದ ಮೇಲೆ, ಪ್ರತಿ ಸ್ಲ್ಯಾಬಿನ ಕಂಬಿ ಕಟ್ಟಿ ಕಾಂಕ್ರೀಟ್ ಹಾಕುವ ಮುಂಚೆ, ವಾಟರ್‌ಪ್ರೂಫಿಂಗ್ ಮೇಲೆ ನೀರು ನಿಲ್ಲಿಸಿ ನೋಡುವಾಗ, ಪೈಪು ಮತ್ತು ಕಾಂಡ್ಯೂಟ್ ಹಾಕಿ ಗಿಲಾವು ಮಾಡುವ ಮೊದಲು. ಇವಕ್ಕೆ 8 ಸೇರಿಸಿದರೆ ಒಟ್ಟು 32. ಶಾಪ್ ಡ್ರಾಯಿಂಗಿಗೆ ಎರಡು ಪರಿಶೀಲನೆ, ಅಂದರೆ ಮೊದಲ ಸಲ ಒಂದು, ತಿದ್ದಿ ತಂದಾಗ ಒಂದು. ಮೂರನೆಯದಕ್ಕೆ ಗಂಟೆ ಲೆಕ್ಕ. ಬಹುಪಾಲು ಮುಗಿದ ತಪಾಸಣೆ ಎರಡು, ಕೊನೆಯದು ಒಂದು. ತಿಂಗಳ ಗಡುವಿಗೆ ವಿನ್ಯಾಸದ ಅವಧಿ, ಅನುಮತಿಗೆ ಹಿಡಿಯುವ ಕಾಲ, ನಿರ್ಮಾಣ, ಇವುಗಳ ಮೊತ್ತಕ್ಕೆ ಎರಡು ತಿಂಗಳು ಸೇರಿಸಿದರೆ ಸಮಂಜಸ. ಕ್ಲೈಂಟ್ ಹುಬ್ಬೇರಿಸಿದರೆ ಈ ಲೆಕ್ಕವನ್ನೇ ತೋರಿಸಿ; ಸಂಖ್ಯೆ ಹೇಗೆ ಬಂತೆಂದು ಕಂಡವರು ಅದನ್ನು ಒಪ್ಪುವುದು ಸುಲಭ.

ಎರಡನೇ ಜಾಗ, ಫೀ ಯಾವುದರ ಮೇಲೆ ಎಂಬುದು. 'ಕಟ್ಟಡದ ವೆಚ್ಚದ ಶೇಕಡಾ ಇಷ್ಟು' ಎಂದು ಬರೆದು ಕೈಬಿಟ್ಟರೆ ಮೂರು ಕಡೆ ಸೋರುತ್ತದೆ. ಮಾಲೀಕರೇ ಟೈಲ್ಸ್, ಫಿಟ್ಟಿಂಗ್ಸ್, ಮರ ಖರೀದಿಸಿ ತಂದರೆ ಅದು ಕಂಟ್ರಾಕ್ಟರ್ ಬಿಲ್ಲಿನಲ್ಲಿ ಬರುವುದಿಲ್ಲ; ಹಾಗಾಗಿ ಮಾಲೀಕರು ಕೊಟ್ಟ ಸಾಮಗ್ರಿ ಮತ್ತು ಕೂಲಿಯ ಮಾರುಕಟ್ಟೆ ಬೆಲೆಯೂ ಸೇರಿ ಎಂದು ಇರಬೇಕು. ಟೆಂಡರ್ ಕಡಿಮೆಗೆ ಬಂದರೆ ಆಗಲೇ ಮುಗಿಸಿದ ಡ್ರಾಯಿಂಗಿನ ಫೀಯನ್ನೂ ಇಳಿಸು ಎನ್ನುತ್ತಾರೆ. 2017ರ ಬಿ101 ಇದಕ್ಕೊಂದು ದಾರಿ ಮಾಡಿದೆ: ಆಯಾ ಬಿಲ್ಲಿನ ಹೊತ್ತಿಗೆ ಮಾಲೀಕರ ಇತ್ತೀಚಿನ ಬಜೆಟ್ ಎಷ್ಟಿದೆಯೋ ಅದರ ಮೇಲೆ ಲೆಕ್ಕ, ಬಜೆಟ್ ಆಮೇಲೆ ಬದಲಾದರೆ ಹಿಂದಿನ ಬಿಲ್ ಬದಲಾಗುವುದಿಲ್ಲ. ಮೂರನೆಯದು, ಕೆಲಸ ನಡುವೆ ನಿಂತರೆ. ಅದೇ ಕರಾರಿನಲ್ಲಿ ಫೀ ಬಾರದಿದ್ದರೆ ಏಳು ದಿನದ ಲಿಖಿತ ನೋಟಿಸ್ ಕೊಟ್ಟು ಕೆಲಸ ನಿಲ್ಲಿಸುವ ಹಕ್ಕಿದೆ. ಮಾಲೀಕರು ಒಟ್ಟಾರೆ 90 ದಿನಕ್ಕಿಂತ ಹೆಚ್ಚು ಕೆಲಸ ತಡೆಹಿಡಿದರೆ ಆರ್ಕಿಟೆಕ್ಟ್ ಕರಾರನ್ನೇ ಮುಗಿಸಬಹುದು. ನಿಮ್ಮ ಸಂಘದ ಮಾದರಿಯಲ್ಲಿ ಈ ದಿನಗಳು ಎಷ್ಟೆಂದು ನೋಡಿ ಗೋಡೆಗೆ ಅಂಟಿಸಿಡಿ. ಬಾಕಿ ಫೀಗಾಗಿ ಆರು ತಿಂಗಳು ಸುಮ್ಮನಿದ್ದು ಏಳನೇ ತಿಂಗಳು ಸಿಟ್ಟಿನಲ್ಲಿ ಡ್ರಾಯಿಂಗ್ ತಡೆಹಿಡಿಯುವವರು ನೋಟಿಸ್ ಕೊಡಲು ಮರೆತಿರುತ್ತಾರೆ, ಆಗ ಕರಾರು ಮುರಿದವರು ಅವರೇ ಆಗುತ್ತಾರೆ.

ಹಳೆಯ ಕೆಲಸದ ಕಡತದಿಂದ ಕರಾರನ್ನು ಕಾಪಿ ಮಾಡಿ ಹೆಸರು ಬದಲಿಸುವ ಅಭ್ಯಾಸ ಎಲ್ಲ ಕಡೆಯೂ ಇದೆ. ಇದರಲ್ಲಿ ಎರಡು ಅಪಾಯ. ಮಾದರಿಗೆ ಹಕ್ಕುಸ್ವಾಮ್ಯ ಇರುತ್ತದೆ, ಅದು ಮೊದಲನೆಯದು. ಹೆಚ್ಚು ಗಂಭೀರವಾದದ್ದು ಎರಡನೆಯದು. ಈ ಕರಾರುಗಳು ಒಂದಕ್ಕೊಂದು ಹೆಣೆದುಕೊಂಡಿರುತ್ತವೆ. ಆರ್ಕಿಟೆಕ್ಟ್ ಕರಾರಿನಲ್ಲಿ ಒಂದು ವರ್ಷದ ಆವೃತ್ತಿಯ ಷರತ್ತು, ಕಂಟ್ರಾಕ್ಟರ್ ಕರಾರಿನಲ್ಲಿ ಇನ್ನೊಂದು ವರ್ಷದ ಆವೃತ್ತಿಯದು ಇದ್ದರೆ ಒಂದು ಕಡೆ ನಿಮಗೆ ಇರುವ ಕರ್ತವ್ಯ ಇನ್ನೊಂದು ಕಡೆ ಇರುವುದಿಲ್ಲ. ಉದಾಹರಣೆಗೆ 2007ರ ಎ201ರಲ್ಲಿ ತಕರಾರಿಗೆ ಮೊದಲ ತೀರ್ಮಾನ ಕೊಡುವವರು ಎಂಬ ಹೊಸ ಪಾತ್ರ ಬಂತು. ಬೇರೆಯವರ ಹೆಸರು ತುಂಬದಿದ್ದರೆ ಆ ಹೊರೆ ತಾನಾಗಿ ಆರ್ಕಿಟೆಕ್ಟ್ ತಲೆಗೆ. ಹಳೆಯ ಕಡತ ಹಿಡಿದವರಿಗೆ ಇಂಥದ್ದು ಗೊತ್ತೇ ಆಗುವುದಿಲ್ಲ. ಮಾದರಿಯನ್ನು ಬದಲಿಸಲೇಬೇಕಾದರೆ ಮೂಲ ವಾಕ್ಯದ ಮೇಲೆ ಗೆರೆ ಎಳೆದು ಪಕ್ಕದಲ್ಲಿ ಬರೆಯಿರಿ, ಇಬ್ಬರೂ ಅಲ್ಲೇ ಕಿರುಸಹಿ ಹಾಕಿ. ಅಳಿಸಿ ಹೊಸದಾಗಿ ಟೈಪ್ ಮಾಡಿದರೆ ಮಾದರಿಯಿಂದ ಎಲ್ಲಿ ಸರಿದಿದ್ದೀರಿ ಎಂದು ಆಮೇಲೆ ಯಾರಿಗೂ ಕಾಣದು.

ಹಂತಗಳ ವಿಂಗಡಣೆಯೂ ಕರಾರಿನಷ್ಟೇ ಮುಖ್ಯ. ರೀಬಾದ ಪ್ಲಾನ್ ಆಫ್ ವರ್ಕ್ 1963ರಲ್ಲಿ ಬಂತು, 2013ರಿಂದ 0ರಿಂದ 7ರವರೆಗಿನ ಎಂಟು ಹಂತಗಳಾಗಿ ನಿಂತಿದೆ. ಇದರ ಉಪಯೋಗ ಒಂದೊಂದು ಹಂತದ ಬಾಗಿಲು ಮುಚ್ಚುವುದರಲ್ಲಿದೆ. ಹಂತ ಮುಗಿದಾಗ ಒಂದು ಪುಟದ ಒಪ್ಪಿಗೆ ಹಾಳೆ ಮಾಡಿ: ಡ್ರಾಯಿಂಗ್‌ಗಳ ಸಂಖ್ಯೆ ಮತ್ತು ಪರಿಷ್ಕರಣೆ, ತಾರೀಖು, ಆ ದಿನದ ಅಂದಾಜು ವೆಚ್ಚ, ಮಾಲೀಕರು ಇನ್ನೂ ತೀರ್ಮಾನಿಸದೆ ಉಳಿಸಿರುವ ವಿಷಯಗಳು, ಕೆಳಗೆ ಸಹಿ. ಮೆಟ್ಟಿಲನ್ನು ಆಚೆ ಬದಿಗೆ ಹಾಕೋಣ ಎಂಬ ಮಾತು ಈ ಸಹಿಯ ಮುಂಚೆ ಬಂದರೆ ಅದು ವಿನ್ಯಾಸ, ಆಮೇಲೆ ಬಂದರೆ ಬದಲಾವಣೆ. ಬದಲಾವಣೆಗೆ ಫೀ ಕೇಳಲು ನಾಚಿಕೆ ಪಡುವವರಿಗೆ ಈ ಹಾಳೆಗಿಂತ ಒಳ್ಳೆಯ ಗೆಳೆಯನಿಲ್ಲ.

ಫೀ ಹಂಚುವಾಗ ಒಂದು ಎಚ್ಚರ. ಕರಡು ವಿನ್ಯಾಸಕ್ಕೆ ಶೇಕಡಾ 15, ವಿವರ ವಿನ್ಯಾಸಕ್ಕೆ 20, ವರ್ಕಿಂಗ್ ಡ್ರಾಯಿಂಗಿಗೆ 40, ಟೆಂಡರಿಗೆ 5, ನಿರ್ಮಾಣಕ್ಕೆ 20 ಎಂಬ ಹಂಚಿಕೆ ಬಹಳ ಹಳೆಯದು. ಕಂಪ್ಯೂಟರ್ ಮಾಡೆಲ್ ಕಟ್ಟಿ ಕೆಲಸ ಮಾಡುವವರಿಗೆ ವಿವರ ವಿನ್ಯಾಸದಲ್ಲೇ ಹೆಚ್ಚು ಶ್ರಮ ಹೋಗುತ್ತದೆ. ಅವರು ಹಳೆಯ ಹಂಚಿಕೆ ಇಟ್ಟುಕೊಂಡರೆ ಮುಂದಿನ ಹಂತದ ದುಡ್ಡಿಗಾಗಿ ಕಾಯುತ್ತಾ ಸಂಬಳ ಕೊಡಬೇಕಾಗುತ್ತದೆ.

ವಿಮೆ, ಮತ್ತು ಒಂದು ವಾಕ್ಯ

ಹಲವು ಸಂಘಗಳು ಸದಸ್ಯರಿಗಾಗಿ ವೃತ್ತಿ ಹೊಣೆಗಾರಿಕೆಯ ವಿಮೆಯನ್ನು ಒಟ್ಟಾಗಿ ಮಾತಾಡಿ ಕೊಡಿಸುತ್ತವೆ. ಕಂತು ಎಷ್ಟು ಕಡಿಮೆಯಾಯಿತು ಎಂಬುದನ್ನೇ ಎಲ್ಲರೂ ನೋಡುತ್ತಾರೆ. ನೋಡಬೇಕಾದ್ದು ಬೇರೆ. ಈ ವಿಮೆ ಸಾಮಾನ್ಯವಾಗಿ, ತಪ್ಪು ನಡೆದಾಗ ಇದ್ದ ಪಾಲಿಸಿಯಿಂದಲ್ಲ, ಹಕ್ಕುಕೇಳಿಕೆ ಬಂದಾಗ ಚಾಲ್ತಿಯಲ್ಲಿರುವ ಪಾಲಿಸಿಯಿಂದ ಹಣ ಕೊಡುತ್ತದೆ. ಎಂಟು ವರ್ಷ ಹಿಂದಿನ ಕಟ್ಟಡದಲ್ಲಿ ಈ ವರ್ಷ ಸೋರಿಕೆ ಬಂದರೆ ಈ ವರ್ಷದ ಪಾಲಿಸಿ ಬೇಕು, ಅದರ ಪೂರ್ವಾನ್ವಯ ದಿನಾಂಕ, ಅಂದರೆ ಯಾವ ದಿನದಿಂದೀಚಿನ ಕೆಲಸಕ್ಕೆ ಪಾಲಿಸಿ ಅನ್ವಯಿಸುತ್ತದೋ ಆ ದಿನ, ಆ ಕೆಲಸಕ್ಕಿಂತ ಹಿಂದಿನದಾಗಿರಬೇಕು. ನಡುವೆ ಒಂದು ವರ್ಷ ಕಂತು ಕಟ್ಟದೆ ಬಿಟ್ಟು ಹೊಸದಾಗಿ ಮಾಡಿಸಿದವರಿಗೆ ಹಳೆಯ ಕೆಲಸಗಳೆಲ್ಲ ಬಯಲಿನಲ್ಲಿ ನಿಲ್ಲುತ್ತವೆ. ಕಚೇರಿ ಮುಚ್ಚಿದವರಿಗೂ ಇದೇ ಪಾಡು. ಆದ್ದರಿಂದ ನಿವೃತ್ತಿಯ ಮೇಲೂ ಕೆಲವು ವರ್ಷ ವಿಮೆ ಮುಂದುವರಿಸಬೇಕು. ಎಷ್ಟು ವರ್ಷ ಎಂಬುದು ನೀವಿರುವ ಕಡೆ ದಾವೆ ಹೂಡಲು ಇರುವ ಕಾಲಮಿತಿಯ ಮೇಲೆ.

ಇನ್ನೊಂದು, ತಕರಾರು ಬರಬಹುದು ಎಂಬ ಸುಳಿವು ಸಿಕ್ಕಿದಾಗಲೇ ವಿಮೆಯವರಿಗೆ ತಿಳಿಸಬೇಕು. ಕ್ಲೈಂಟ್ ಜೊತೆ ರಾಜಿಯಾದರೆ ಹೋಯಿತು ಎಂದು ಕಾಯ್ದು, 'ನಮ್ಮದೇ ತಪ್ಪು, ಸರಿಮಾಡಿಕೊಡುತ್ತೇವೆ' ಎಂದು ಪತ್ರ ಬರೆದ ಮೇಲೆ ವಿಮೆಯವರು ಕೈ ತೊಳೆದುಕೊಳ್ಳಲು ಕಾರಣ ಸಿಗುತ್ತದೆ.

ಆ ಒಂದು ವಾಕ್ಯ ಯಾವುದೆಂದರೆ, ಕಟ್ಟಡ ಉದ್ದೇಶಕ್ಕೆ ತಕ್ಕಂತೆ ಇರುತ್ತದೆ ಎಂಬ ಖಾತರಿ. ದೊಡ್ಡ ಕ್ಲೈಂಟ್‌ಗಳು ಸಂಘದ ಮಾದರಿ ಬಿಟ್ಟು ತಮ್ಮದೇ ಕರಾರು ತಂದಾಗ ಇದು ಎಲ್ಲೋ ಒಂದು ಮೂಲೆಯಲ್ಲಿ ಕೂತಿರುತ್ತದೆ. ಸಂಘದ ಮಾದರಿಗಳು ಆರ್ಕಿಟೆಕ್ಟ್‌ನಿಂದ ಕೇಳುವುದು, ಅದೇ ಬಗೆಯ ಕೆಲಸ ಮಾಡುವ ಸಮರ್ಥರು ತೋರಿಸುವ ಜಾಣ್ಮೆ ಮತ್ತು ಎಚ್ಚರ, ಅಷ್ಟೇ. ವಿಮೆ ಕಾಯುವುದೂ ಅಷ್ಟನ್ನೇ. ಫಲಿತಾಂಶಕ್ಕೆ ಖಾತರಿ ಕೊಟ್ಟರೆ ನಿಮ್ಮ ಅಜಾಗರೂಕತೆ ಇಲ್ಲದಿದ್ದರೂ ಹೊಣೆ ನಿಮ್ಮದು, ವಿಮೆ ಮಾತ್ರ ಇಲ್ಲ. ಕ್ಲೈಂಟ್ ತಂದ ಕರಾರು ಕೈಗೆ ಬಂದರೆ ಸಹಿಗೆ ಮುಂಚೆ ಸಂಘದ ಸಲಹಾ ವಿಭಾಗಕ್ಕೂ ವಿಮಾ ದಲ್ಲಾಳಿಗೂ ಕಳಿಸಿ. 'ಖಾತರಿ', 'ಅತ್ಯುನ್ನತ ಗುಣಮಟ್ಟ', 'ನಷ್ಟವೆಲ್ಲ ಭರಿಸತಕ್ಕದ್ದು', 'ಮೇಲ್ವಿಚಾರಣೆ' ಎಂಬ ಪದಗಳ ಸುತ್ತ ಪೆನ್ಸಿಲ್ಲಿನಲ್ಲಿ ಗುರುತು ಹಾಕಿ ಕಳಿಸಿದರೆ ಉತ್ತರ ಬೇಗ ಬರುತ್ತದೆ. ಕೊನೆಯ ಪದ ಯಾಕೆಂದರೆ, ಸೈಟಿಗೆ ಬಂದು ನೋಡುವುದಕ್ಕೂ ಕಂಟ್ರಾಕ್ಟರ್ ದಿನನಿತ್ಯ ಹೇಗೆ ಕೆಲಸ ಮಾಡುತ್ತಾನೆ ಎಂಬುದಕ್ಕೆ ಜವಾಬ್ದಾರರಾಗುವುದಕ್ಕೂ ಬಹಳ ಅಂತರವಿದೆ.

ಫೀ ನಿಗದಿ ಮಾಡಿಕೊಡಿ ಎಂದು ಸಂಘವನ್ನು ಕೇಳಬೇಡಿ

ಪ್ರತಿ ಮಹಾಸಭೆಯಲ್ಲೂ ಒಬ್ಬರು ಎದ್ದು ಕೇಳುತ್ತಾರೆ: ಕಡಿಮೆ ಫೀಗೆ ಕೆಲಸ ಹಿಡಿಯುವವರ ಮೇಲೆ ಸಂಘ ಕ್ರಮ ಯಾಕೆ ತೆಗೆದುಕೊಳ್ಳಬಾರದು? ಯಾಕೆಂದರೆ ಬಹುತೇಕ ದೇಶಗಳಲ್ಲಿ ಅದು ಕಾನೂನು ಬಾಹಿರ. ಎಐಎ ತನ್ನ ಸದಸ್ಯರು ಬೆಲೆಯ ಪೈಪೋಟಿಗೆ ಇಳಿಯಬಾರದು ಎಂದು ಹಿಂದೆ ನಿಯಮ ಮಾಡಿತ್ತು. ಸರ್ಕಾರ ಮೊಕದ್ದಮೆ ಹೂಡಿ 1972ರಲ್ಲಿ ಅದನ್ನು ತೆಗೆಸಿತು. 1990ರಲ್ಲಿ ಮತ್ತೊಮ್ಮೆ ಅಂಥದ್ದೇ ಕಾರಣಕ್ಕೆ ನ್ಯಾಯಾಲಯದ ಒಪ್ಪಂದಕ್ಕೆ ಸಹಿ ಹಾಕಬೇಕಾಯಿತು. ಬ್ರಿಟನ್ನಿನಲ್ಲಿ ರೀಬಾದ ಕಡ್ಡಾಯ ಫೀ ಪಟ್ಟಿ 1982ರಲ್ಲಿ ಬರೀ ಶಿಫಾರಸಾಗಿ ಇಳಿಯಿತು. ಜರ್ಮನಿಯಲ್ಲಿ ಫೀಯ ಕನಿಷ್ಠ ಮತ್ತು ಗರಿಷ್ಠ ಮಿತಿಯನ್ನು ಕಾನೂನೇ ಕಟ್ಟಿಹಾಕಿತ್ತು. ಐರೋಪ್ಯ ನ್ಯಾಯಾಲಯ 2019ರಲ್ಲಿ ಅದನ್ನೂ ಒಪ್ಪಲಿಲ್ಲ. ಭಾರತದಲ್ಲಿ, ಪೈಪೋಟಿ ಮುರಿಯುವ ಒಪ್ಪಂದಗಳನ್ನು ತಡೆಯುವ 2002ರ ಸ್ಪರ್ಧಾ ಕಾಯ್ದೆಯ 3ನೇ ಕಲಮು ಇದೆ. ಹಾಗಾಗಿ ಸಭೆಯ ನಂತರ ಕಾಫಿ ಕುಡಿಯುತ್ತಾ 'ನಾವ್ಯಾರೂ ಇಷ್ಟಕ್ಕಿಂತ ಕೆಳಗೆ ಹೋಗೋದು ಬೇಡ' ಎಂದು ಮಾತಾಡಿಕೊಳ್ಳುವುದೂ ಅಪಾಯವೇ. ವಾಟ್ಸಾಪ್ ಗುಂಪಿನಲ್ಲಿ ಬರೆದರೆ ಸಾಕ್ಷಿ ಸಮೇತ ಅಪಾಯ.

ಸಂಘ ಮಾಡಬಹುದಾದ್ದು, ಮಾಡಲೇಬೇಕಾದ್ದು, ತನ್ನ ವೆಚ್ಚ ತಾನೇ ಲೆಕ್ಕ ಹಾಕಲು ಸದಸ್ಯರಿಗೆ ಕಲಿಸುವುದು. ಲೆಕ್ಕ ಹೀಗೆ. ವರ್ಷಕ್ಕೆ 52 ವಾರ, ವಾರಕ್ಕೆ 40 ಗಂಟೆ, ಒಟ್ಟು 2,080. ರಜೆ, ಹಬ್ಬ, ಹುಷಾರಿಲ್ಲದ ದಿನ ಸೇರಿ 30 ದಿನ, ಅಂದರೆ 240 ಗಂಟೆ ಹೋಗಿ 1,840 ಉಳಿಯಿತು. ಇದರಲ್ಲಿ ಕಾಲು ಭಾಗ ಕಚೇರಿ ಕೆಲಸ, ಕಲಿಕೆ, ಸಿಗದೆ ಹೋದ ಕೆಲಸಗಳ ಹಿಂದಿನ ಓಡಾಟಕ್ಕೆ ಹೋಗುತ್ತದೆ. ಬಿಲ್ ಮಾಡಬಹುದಾದ್ದು 1,380. ಕಚೇರಿಯ ಮುಖ್ಯಸ್ಥರಿಗೆ 1,840ರ ಅರ್ಧವೇ ಸಿಗುವುದು, 920. ಇಬ್ಬರು ಸಹಾಯಕರಿರುವ ಮೂರು ಜನರ ಕಚೇರಿಯಲ್ಲಿ 1,380ರ ಎರಡರಷ್ಟು ಮತ್ತು 920, ಒಟ್ಟು 3,680 ಗಂಟೆ. ವರ್ಷದ ಸಂಬಳ, ಬಾಡಿಗೆ, ಸಾಫ್ಟ್‌ವೇರ್, ವಿಮೆ, ಚಂದಾ ಎಲ್ಲದರ ಮೊತ್ತವನ್ನು ಈ ಸಂಖ್ಯೆಯಿಂದ ಭಾಗಿಸಿದರೆ ನಷ್ಟವಿಲ್ಲದೆ ನಿಲ್ಲುವ ಗಂಟೆ ದರ ಬರುತ್ತದೆ. ಲಾಭ ಅದರ ಮೇಲೆ. ತಪ್ಪುವುದು ಎಲ್ಲಿ ಎಂದರೆ 2,080ರಿಂದ ಭಾಗಿಸುವುದರಲ್ಲಿ: ಸಹಾಯಕರ ದರವೇ ಮೂರನೇ ಒಂದು ಭಾಗ ಕಡಿಮೆ ಬೀಳುತ್ತದೆ. ಫೀ ಕಡಿಮೆ ಹೇಳುವವರಲ್ಲಿ ಬಹಳ ಜನ ದುರಾಸೆಯಿಂದಲ್ಲ, ಈ ಭಾಗಾಕಾರ ತಪ್ಪಿ ಹಾಗೆ ಹೇಳುತ್ತಿರುತ್ತಾರೆ.

ಸ್ಪರ್ಧೆಗೆ ಹೆಸರು ಕೊಡುವ ಮುಂಚೆ

ವಿನ್ಯಾಸ ಸ್ಪರ್ಧೆ ಎಂದರೆ ನೂರಾರು ಕಚೇರಿಗಳು ಪುಕ್ಕಟೆ ಕೆಲಸ ಮಾಡುವುದು. ಪ್ಯಾರಿಸ್ಸಿನ ಪಾಂಪಿಡೂ ಕೇಂದ್ರದ ಸ್ಪರ್ಧೆಗೆ 1971ರಲ್ಲಿ 681 ವಿನ್ಯಾಸ ಬಂದವು, ಕಟ್ಟಿದ್ದು ಒಂದನ್ನು. ಉಳಿದ 680ರ ಶ್ರಮ ಗೌರವದಿಂದ ನಡೆಯಬೇಕಾದರೆ ನಿಯಮ ಬೇಕು. 1948ರಲ್ಲಿ ಲೌಸಾನ್‌ನಲ್ಲಿ ಹುಟ್ಟಿದ ಯುಐಎ, ಅಂದರೆ ದೇಶ ದೇಶಗಳ ಆರ್ಕಿಟೆಕ್ಟ್ ಸಂಘಗಳ ಒಕ್ಕೂಟ, ಅಂತರರಾಷ್ಟ್ರೀಯ ಸ್ಪರ್ಧೆಗಳಿಗೆ ಯುನೆಸ್ಕೋ 1956ರಲ್ಲಿ ಒಪ್ಪಿ 1978ರಲ್ಲಿ ಪರಿಷ್ಕರಿಸಿದ ನಿಯಮಾವಳಿಯ ಕಾವಲು ಮಾಡುತ್ತದೆ.

ಸ್ಥಳೀಯ ಸ್ಪರ್ಧೆಗೂ ಅದೇ ಅಳತೆಗೋಲು ಹಿಡಿದು ನೋಡಿ. ತೀರ್ಪುಗಾರರ ಸಂಖ್ಯೆ ಬೆಸವಾಗಿರಬೇಕು, ಏಳಕ್ಕೆ ಮೀರಬಾರದು, ಬಹುಮತ ಸ್ವತಂತ್ರ ವೃತ್ತಿಪರರದ್ದಾಗಿರಬೇಕು. ಅವರ ಹೆಸರು ಪ್ರಕಟಣೆಯಲ್ಲೇ ಇರಬೇಕು. 'ಗಣ್ಯ ತೀರ್ಪುಗಾರರ ಮಂಡಳಿ' ಎಂದಷ್ಟೇ ಇದ್ದರೆ ಅಲ್ಲಿಗೇ ಬಿಡಿ. ವಿನ್ಯಾಸ ಯಾರದ್ದೆಂದು ತೀರ್ಪುಗಾರರಿಗೆ ತಿಳಿಯಬಾರದು. ಕೇಳಿದ್ದಕ್ಕಿಂತ ಹೆಚ್ಚು ಹಾಳೆ, ಮಾಡೆಲ್ ಕೊಟ್ಟರೆ ತೀರ್ಪುಗಾರರು ನೋಡುವ ಮುಂಚೆಯೇ ಅದನ್ನು ಹೊರಗಿಡಬೇಕು, ಇಲ್ಲದಿದ್ದರೆ ದುಡ್ಡಿರುವ ಕಚೇರಿಯೇ ಗೆಲ್ಲುತ್ತದೆ. ಗೆದ್ದವರಿಗೆ ಕೆಲಸ ಸಿಗುತ್ತದೆಯೇ? ಯುನೆಸ್ಕೋ ನಿಯಮದ ಪ್ರಕಾರ ತೀರ್ಪು ಬಂದು 24 ತಿಂಗಳೊಳಗೆ ಕರಾರು ಆಗದಿದ್ದರೆ ಮೊದಲ ಬಹುಮಾನದಷ್ಟೇ ಮೊತ್ತವನ್ನು ಮತ್ತೊಮ್ಮೆ ಪರಿಹಾರವಾಗಿ ಕೊಡಬೇಕು. ಹಕ್ಕುಸ್ವಾಮ್ಯದ ಸಾಲು ಕೊನೆಯಲ್ಲಿ ಸಣ್ಣ ಅಕ್ಷರದಲ್ಲಿರುತ್ತದೆ. 'ಸಲ್ಲಿಸಿದ ಎಲ್ಲ ವಿನ್ಯಾಸ ಆಯೋಜಕರ ಸ್ವತ್ತು' ಎಂದಿದ್ದರೆ ಅದು ಸ್ಪರ್ಧೆಯಲ್ಲ, ಸಂಗ್ರಹ. ಇಂಥ ಪ್ರಕಟಣೆ ಕಂಡರೆ ಸಂಘಕ್ಕೆ ಕಳಿಸಿ. ಪ್ರಶ್ನೋತ್ತರದ ಅವಧಿ ಮುಗಿಯುವುದರೊಳಗೆ ಸಂಘ ಬರೆದರೆ ಆಯೋಜಕರು ಬದಲಿಸುವುದುಂಟು, ಗಡುವು ಮುಗಿದ ಮೇಲೆ ಬದಲಿಸುವುದಿಲ್ಲ.

ಇಲ್ಲಿ ನೆನಪಾಗುವುದು ಲೂಯಿಸ್ ಬೆಥ್ಯೂನ್. 1888ರಲ್ಲಿ ಎಐಎ ಸೇರಿದ ಮೊದಲ ಮಹಿಳೆ. ಶಿಕಾಗೋದ 1893ರ ಮಹಾಪ್ರದರ್ಶನದ ಮಹಿಳಾ ಭವನಕ್ಕೆ ಸ್ಪರ್ಧೆ ಕರೆದಾಗ ಅವರು ಭಾಗವಹಿಸಲು ಒಪ್ಪಲಿಲ್ಲ. ಉಳಿದ ಭವನಗಳನ್ನು ಪುರುಷರಿಗೆ ಸ್ಪರ್ಧೆಯಿಲ್ಲದೆ, ಬಹಳ ಹೆಚ್ಚಿನ ಫೀಗೆ ವಹಿಸಿದ್ದರು; ಮಹಿಳೆಯರಿಗೆ ಮಾತ್ರ ಸ್ಪರ್ಧೆ ಮತ್ತು ಸಣ್ಣ ಬಹುಮಾನ. ಪ್ರಕಟಣೆ ಓದಿ ದೂರ ನಿಲ್ಲುವುದೂ ವೃತ್ತಿಯ ಕೆಲಸವೇ.

ದೂರು, ತಕರಾರು, ಸಲಹೆ

ಸಂಘದ ನೀತಿ ಸಂಹಿತೆಯಿಂದ ಬಾಕಿ ಫೀ ವಸೂಲಿ ಆಗುವುದಿಲ್ಲ. ಶಿಸ್ತು ಸಮಿತಿ ನಷ್ಟ ಪರಿಹಾರ ಕೊಡಿಸುವುದಿಲ್ಲ, ಕೊಡುವುದು ಶಿಕ್ಷೆಯನ್ನು. ಎಐಎಯಲ್ಲಿ ಅದು ನಾಲ್ಕು ಬಗೆ: ಖಾಸಗಿ ಎಚ್ಚರಿಕೆ, ಬಹಿರಂಗ ಖಂಡನೆ, ಅಮಾನತು, ಸದಸ್ಯತ್ವ ರದ್ದು. ಸಂಹಿತೆ ಕೆಲವೊಮ್ಮೆ ಫೀ, ಜಾಹೀರಾತುಗಳನ್ನು ದಾಟಿ ದೊಡ್ಡ ವಿಷಯಕ್ಕೂ ಕೈಹಾಕುತ್ತದೆ. ಮರಣದಂಡನೆಯ ಕೋಣೆಗಳನ್ನು ಸದಸ್ಯರು ವಿನ್ಯಾಸ ಮಾಡಕೂಡದೆಂದು ಎಐಎ 2020ರ ಡಿಸೆಂಬರ್‌ನಲ್ಲಿ ತೀರ್ಮಾನಿಸಿತು.

ದಿನನಿತ್ಯ ಬರುವ ದೂರು ಬೇರೆ. ಒಬ್ಬರು ಬಿಟ್ಟ ಕೆಲಸವನ್ನು ಇನ್ನೊಬ್ಬರು ಹಿಡಿಯುವುದು. ಬೇರೊಬ್ಬ ಆರ್ಕಿಟೆಕ್ಟನ್ನು ಸರಿಸಿ ಆ ಜಾಗಕ್ಕೆ ಬರಕೂಡದು ಎಂದು ಭಾರತದ 1989ರ ವೃತ್ತಿ ನಡವಳಿಕೆ ನಿಯಮಗಳೂ ಹೇಳುತ್ತವೆ. ಕ್ಲೈಂಟ್ ತಾವೇ ಬಂದು ಕರೆದರೆ ಹೀಗೆ ಮಾಡಿ: ಹಿಂದಿನ ಕರಾರು ಮುಗಿಸಿದ ಪತ್ರದ ಪ್ರತಿ ಕೇಳಿ. ಹಿಂದಿನ ಆರ್ಕಿಟೆಕ್ಟ್‌ಗೆ ನೀವೇ ಬರೆದು ತಿಳಿಸಿ, ಬಾಕಿ ಇದೆಯೇ, ಡ್ರಾಯಿಂಗ್ ಬಳಸಲು ಅನುಮತಿ ಇದೆಯೇ ಎಂದು ಕೇಳಿ. ಕಟ್ಟಡ ಅನುಮತಿಯಲ್ಲಿರುವ ಹೆಸರು ಅಧಿಕೃತವಾಗಿ ಬದಲಾಗುವವರೆಗೆ ಸೈಟಿನಲ್ಲಿ ಸೂಚನೆ ಕೊಡಬೇಡಿ. ಆಗಲೇ ಕಟ್ಟಿದ ಭಾಗವನ್ನು ಫೋಟೊ, ಅಳತೆ ಸಮೇತ ದಾಖಲಿಸಿ, ಅಲ್ಲಿವರೆಗಿನದು ನಿಮ್ಮ ಹೊಣೆಯಲ್ಲ ಎಂದು ಕರಾರಿನಲ್ಲಿ ಬರೆಸಿ. ಪತ್ರಕ್ಕೆ ಉತ್ತರ ಬರದಿದ್ದರೂ ಪತ್ರ ಕಳಿಸಿದ ದಾಖಲೆ ನಿಮ್ಮನ್ನು ಕಾಯುತ್ತದೆ.

ಜಗಳ ಬಿಗಡಾಯಿಸಿದರೆ ಹಲವು ಸಂಘಗಳು ಮಧ್ಯಸ್ಥರನ್ನು ನೇಮಿಸಿಕೊಡುತ್ತವೆ. ಬ್ರಿಟನ್ನಿನಲ್ಲಿ 1996ರ ನಿರ್ಮಾಣ ಕಾಯ್ದೆಯ ಪ್ರಕಾರ ತೀರ್ಮಾನ 28 ದಿನದಲ್ಲಿ ಬರಬೇಕು, ನೇಮಿಸುವ ಸಂಸ್ಥೆಗಳಲ್ಲಿ ರೀಬಾ ಒಂದು. ಆದರೆ ತಾನೇ ವಾಸಿಸುವ ಮನೆ ಕಟ್ಟಿಸುವವರ ಕರಾರು ಆ ಕಾಯ್ದೆಯ 106ನೇ ಕಲಮಿನ ಪ್ರಕಾರ ಹೊರಗೆ. ಮನೆ ಕೆಲಸದಲ್ಲಿ ಈ ದಾರಿ ಬೇಕೆಂದರೆ ಕರಾರಿನಲ್ಲೇ ಅದನ್ನು ಆರಿಸಿಕೊಂಡಿರಬೇಕು. ಮತ್ತೆ ಅದೇ ಬಿಟ್ಟ ಜಾಗ.

ಸಲಹೆಗೆ ಫೋನ್ ಮಾಡುವಾಗ 'ಕ್ಲೈಂಟ್ ಮೋಸ ಮಾಡಿದ್ದಾರೆ' ಎಂದು ಶುರು ಮಾಡಿದರೆ ಆ ಕಡೆಯವರಿಗೆ ಸಾಂತ್ವನ ಹೇಳುವುದು ಬಿಟ್ಟು ಬೇರೆ ದಾರಿ ಇರುವುದಿಲ್ಲ. ತಾರೀಖಿನ ಪ್ರಕಾರ ಒಂದು ಪುಟದ ಘಟನೆಗಳ ಪಟ್ಟಿ, ಸಹಿಯಾದ ಕರಾರು, ಬಾಕಿ ಬಿಲ್‌ಗಳು, ಕೊನೆಯ ಮೂರು ಪತ್ರಗಳು, ಇಷ್ಟನ್ನು ಮೊದಲು ಕಳಿಸಿ. ಕೊನೆಯಲ್ಲಿ ಒಂದೇ ಪ್ರಶ್ನೆ ಇರಲಿ, ಹೌದು ಅಥವಾ ಇಲ್ಲ ಎನ್ನಬಹುದಾದ್ದು. ಸಂಘದ ಸಲಹೆ ವಕೀಲರ ಸಲಹೆ ಅಲ್ಲ. ವಕೀಲರ ಬಳಿ ಏನು ಕೇಳಬೇಕು ಎಂದು ಅದು ತಿಳಿಸಿಕೊಡುತ್ತದೆ, ಆ ಗಂಟೆ ದರದಲ್ಲಿ ಅದೇ ದೊಡ್ಡ ಉಳಿತಾಯ.

ಉಳಿದದ್ದು

ಕಲಿಕೆಯ ಗಂಟೆಗಳ ಬಗ್ಗೆ ಹೆಚ್ಚು ಹೇಳುವುದಿಲ್ಲ. ರೀಬಾ ವರ್ಷಕ್ಕೆ 35 ಗಂಟೆ ಕೇಳುತ್ತದೆ, ಅದರಲ್ಲಿ 20 ಗಂಟೆ ಗೊತ್ತುಮಾಡಿದ ಹತ್ತು ವಿಷಯಗಳಿಗೆ ಎರಡೆರಡರಂತೆ. ಎಐಎ 18 ಕೇಳುತ್ತದೆ, ಅದರಲ್ಲಿ 12 ಜನರ ಆರೋಗ್ಯ ಮತ್ತು ಸುರಕ್ಷತೆಗೆ ಸಂಬಂಧಿಸಿರಬೇಕು. ಎಲ್ಲ ಕಡೆಯೂ ಡಿಸೆಂಬರ್‌ನಲ್ಲಿ ನೂಕುನುಗ್ಗಲು. ಸಾಮಗ್ರಿ ಮಾರುವ ಕಂಪನಿಯವರು ಊಟದ ಜೊತೆ ಕೊಡುವ ಒಂದು ಗಂಟೆಯ ಉಪನ್ಯಾಸಗಳಲ್ಲೇ ಲೆಕ್ಕ ಮುಗಿಸುವವರಿಗೆ ಬೆಂಕಿ ಸುರಕ್ಷತೆಯ ಹೊಸ ನಿಯಮ ಸೈಟಿನಲ್ಲೇ ಗೊತ್ತಾಗುತ್ತದೆ. ಪರವಾನಗಿ ಮಂಡಳಿಯ ಲೆಕ್ಕ ಸಂಘದ ಲೆಕ್ಕಕ್ಕಿಂತ ಬೇರೆ ಇರಬಹುದು. ಪ್ರಮಾಣಪತ್ರ ಎರಡಕ್ಕೂ ಸಲ್ಲುತ್ತದೆಯೇ ಎಂದು ಹೆಸರು ಕೊಡುವಾಗಲೇ ಕೇಳಿ.

ನಿಯಮಾವಳಿಯ ಕರಡು ಬಂದಾಗ ಸಂಘ ಸದಸ್ಯರಿಂದ ಅಭಿಪ್ರಾಯ ಕೇಳುತ್ತದೆ. ಬರುವುದರಲ್ಲಿ ಹೆಚ್ಚಿನವು ಗೊಣಗಾಟ. ಸಮಿತಿಯ ಮೇಜಿನ ಮೇಲೆ ನಿಲ್ಲುವುದು ನಾಲ್ಕು ಅಂಕಣಗಳ ಟಿಪ್ಪಣಿ: ಕಲಮಿನ ಸಂಖ್ಯೆ, ಈಗಿರುವ ವಾಕ್ಯ, ಇರಬೇಕಾದ ವಾಕ್ಯ, ಕಾರಣ. ಮೆಟ್ಟಿಲಿನ ಅಗಲ ಹೆಚ್ಚಾಯಿತು ಎಂದು ಬರೆದರೆ ಅದು ಕಸದ ಬುಟ್ಟಿಗೆ. ಇಂತಿಷ್ಟು ಜನ ಇಳಿಯುವ ಕಟ್ಟಡಕ್ಕೆ ಇಷ್ಟು ಅಗಲ ಸಾಕು, ಬದಲಿ ವಾಕ್ಯ ಹೀಗಿರಲಿ ಎಂದು ಬರೆದರೆ ಸಮಿತಿಯವರು ಅದನ್ನು ಎತ್ತಿ ಸೇರಿಸಬಹುದು, ಬೇಡವೆನ್ನಲು ಅವರೂ ಕಾರಣ ಬರೆಯಬೇಕಾಗುತ್ತದೆ.

ಪ್ರಶಸ್ತಿ, ಪತ್ರಿಕೆ, ಹೋಟೆಲ್ ರಿಯಾಯಿತಿ ಇವೆಲ್ಲ ಇರಲಿ, ಬೇಡವೆನ್ನುವುದಿಲ್ಲ. ಆದರೆ ಸಂಘದ ವಾರ್ಷಿಕ ಲೆಕ್ಕಪತ್ರ ಕೈಗೆ ಬಂದಾಗ ಸಮಾರಂಭಗಳಿಗೆ ಎಷ್ಟು, ಕರಾರು ಮತ್ತು ಸಲಹಾ ವಿಭಾಗಕ್ಕೆ ಎಷ್ಟು ಎಂಬ ಎರಡು ಸಾಲು ಪಕ್ಕಪಕ್ಕ ಇಟ್ಟು ನೋಡಿ. ಮಾದರಿ ಕರಾರನ್ನು ಕೊನೆಯ ಸಲ ತಿದ್ದಿದ್ದು ಯಾವ ವರ್ಷ, ಸಲಹೆ ಕೇಳಿ ಬಂದ ಪತ್ರಗಳೆಷ್ಟು, ಉತ್ತರ ಕೊಡಲು ಎಷ್ಟು ದಿನ ಹಿಡಿಯಿತು, ಈ ಪ್ರಶ್ನೆಗಳನ್ನು ಮಹಾಸಭೆಯ ನೋಟಿಸಿನಲ್ಲಿ ಹೇಳಿದ ದಿನದೊಳಗೆ ಬರಹದಲ್ಲಿ ಕೊಡಿ. ಸಭೆಯಲ್ಲಿ ಎದ್ದು ನಿಂತು ಕೇಳಿದ ಮಾತು ನಡಾವಳಿ ಪುಸ್ತಕಕ್ಕೆ ಹೋಗದೆ ಉಳಿಯಬಹುದು; ಬರೆದು ಕೊಟ್ಟದ್ದಕ್ಕೆ ಕಾರ್ಯದರ್ಶಿಯವರು ಬರೆದೇ ಉತ್ತರಿಸಬೇಕಾಗುತ್ತದೆ.